ಪಿಲ್ನಾಮ್ ಕೂತು ಉಂಡದ್ದು

ಪಿಲ್ನಾಮ್ ಊಟ ಮಾಡುವುದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ರುಚಿ ನೋಡುವುದನ್ನು ಮಾತ್ರ ದೇಗು ಪಟ್ಟಣದ ಆ ಮಾರುಕಟ್ಟೆ ಓಣಿಯವರೆಲ್ಲ ದಿನವೂ ನೋಡುತ್ತಿದ್ದರು. ಅವಳದು ಅನ್ನಕ್ಕೆ ನೆಂಚಿಕೊಳ್ಳುವ ಪದಾರ್ಥಗಳ ಅಂಗಡಿ. ಸೋಯಾ ಸಾಸಿನಲ್ಲಿ ಬೇಯಿಸಿದ ತಾವರೆ ದಂಟು, ಎಳ್ಳೆಣ್ಣೆ ಹಾಕಿ ಕಲಸಿದ ಪಾಲಕ್ ಸೊಪ್ಪು, ಹುರಿದ ಸಣ್ಣ ಒಣಮೀನು, ಖಾರ ಹಚ್ಚಿ ಹುಳಿ ಬರಿಸಿದ ತರಕಾರಿಯ ಮೂರು ನಾಲ್ಕು ಬಗೆಯ ಕಿಮ್ಚಿ, ಎಲ್ಲವನ್ನೂ ತಟ್ಟೆಗಳಲ್ಲಿ ಹರವಿಕೊಂಡು ನಿಂತಿರುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೂ ನಿಂತೇ ಇರುತ್ತಿದ್ದಳು. ಅಂಗಡಿಯಲ್ಲಿ ಒಂದು ಸ್ಟೂಲೇನೋ ಇತ್ತು. ಅದರ ಮೇಲೆ ಉಪ್ಪಿನ ಚೀಲ ಕೂತಿರುತ್ತಿತ್ತು.

"ಚಿಕ್ಕಮ್ಮಾ, ಊಟ ಆಯ್ತಾ?" ಎಂದು ಬಂದ ಗಿರಾಕಿಗಳೆಲ್ಲ ಕೇಳುತ್ತಿದ್ದರು. ಹಾಗೆ ಕೇಳದೆ ಮುಂದೆ ಹೋಗುವುದು ನಮ್ಮಲ್ಲಿ ಮುಖ ತಿರುಗಿಸಿಕೊಂಡು ಹೋದದ್ದಕ್ಕೆ ಸಮ. "ಆಯ್ತಪ್ಪಾ, ಈಗಷ್ಟೇ ಆಯ್ತು" ಎನ್ನುತ್ತ ಅವಳು ಒಂದು ಹಿಡಿ ಸೊಪ್ಪು ಹೆಚ್ಚಿಗೆ ಹಾಕಿಕೊಡುತ್ತಿದ್ದಳು. ಅದು ಸುಳ್ಳೆಂದು ಯಾರಿಗೂ ಅನ್ನಿಸಲಿಲ್ಲ. ಹೇಳಿ ಹೇಳಿ ಕೊನೆಗೆ ಅವಳಿಗೂ ಅನ್ನಿಸುತ್ತಿರಲಿಲ್ಲ.

ಅವಳು ತನ್ನ ತಾಯಿಗೆ ನಾಲ್ಕನೆಯ ಹೆಣ್ಣು. ಮುಂದಿನದಾದರೂ ಗಂಡಾಗಲಿ ಎಂಬ ಹಟಕ್ಕೆ ಅಪ್ಪ 'ಗಂಡೇ ಬೇಕು' ಎಂಬ ಅರ್ಥ ಬರುವ ಈ ಹೆಸರಿಟ್ಟಿದ್ದ. ಅಂದರೆ ತನ್ನ ಹೆಸರಿನಲ್ಲೂ ಅವಳಿಗೆ ಜಾಗ ಸಿಕ್ಕಿರಲಿಲ್ಲ. ಇನ್ನೂ ಹುಟ್ಟದ ತಮ್ಮ ಅದನ್ನು ಮೊದಲೇ ಹಿಡಿದುಕೊಂಡಿದ್ದ. ತಮ್ಮ ಹುಟ್ಟಿಯೂ ಬಿಟ್ಟ. ಎಲ್ಲ ಪಿಲ್ನಾಮಳ ಕಾಲ್ಗುಣ ಎಂದು ಮನೆಯವರು ಅವಳನ್ನು ಹೊಗಳಿದರು, ಮೊಟ್ಟೆಯನ್ನು ಅವನ ಬಟ್ಟಲಿಗೆ ಹಾಕಿದರು.

ಇಪ್ಪತ್ತಮೂರಕ್ಕೆ ಮದುವೆಯಾಯಿತು. ಗಂಡ ಸಿಟಿ ಬಸ್ ಓಡಿಸುವವನು, ಸಾಧು ಮನುಷ್ಯ, ಆದರೆ ಮನೆಗೆ ಹಿರಿಮಗ. ಹಿರಿಮಗನ ಹೆಂಡತಿಯ ಪಾಡೇನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾವ, ಮಾವನ ಅಪ್ಪ ಅಮ್ಮ, ಅವರ ಅಪ್ಪ ಅಮ್ಮ, ಹೀಗೆ ಒಬ್ಬೊಬ್ಬರ ತಿಥಿಗೂ ಒಂದೊಂದು ಎಡೆ. ಹೊಸ ವರ್ಷಕ್ಕೆ, ಸುಗ್ಗಿ ಹಬ್ಬಕ್ಕೆ ಬೇರೆ. ಗಂಡಸರು ಅಡ್ಡಬೀಳುತ್ತಾರೆ, ಹೆಂಗಸರು ಕರಿಯುತ್ತಾರೆ. ಉಪ್ಪು ಹಾಕಿದ ಶಾರ್ಕ್ ಮೀನಿನ ತುಂಡು, ಎಲೆಕೋಸಿನ ದೋಸೆ, ದನದ ಮಾಂಸ ಮೂಲಂಗಿಯ ಸಾರು, ಒಂದು ಪದಾರ್ಥ ಕಡಿಮೆಯಾದರೂ ಸತ್ತವರಿಗಿಂತ ಮುಂಚೆ ಬದುಕಿರುವವರು ಮುನಿಸಿಕೊಳ್ಳುತ್ತಾರೆ. ಎಡೆ ಎತ್ತಿದ ಮೇಲೆ ಮೊದಲು ಗಂಡಸರ ಊಟ, ಆಮೇಲೆ ಮಕ್ಕಳದು, ಆಮೇಲೆ ಅತ್ತೆ ನಾದಿನಿಯರದು. ಹಿರಿಸೊಸೆಗೆ ಉಳಿಯುವುದು ಸಿಂಕಿನ ಮುಂದಿನ ಜಾಗ. ಅಲ್ಲಿ ನಿಂತು, ಎಲ್ಲರೂ ಬಿಟ್ಟದ್ದನ್ನು ಒಂದು ಬೋಗುಣಿಗೆ ಸುರಿದುಕೊಂಡು ಕಲಸಿ ತಿನ್ನಬೇಕು. ಚೆಲ್ಲಿದರೆ ಪಾಪ.

ಮದುವೆಯಾದ ಎರಡನೇ ಸುಗ್ಗಿ ಹಬ್ಬದಲ್ಲಿ ಗಂಡನ ಸೋದರತ್ತೆಯೊಬ್ಬಳು ಎಲ್ಲರೆದುರಿಗೆ ಅವಳ ತೋಳು ಹಿಡಿದು ಅಮುಕಿ ನೋಡಿದಳು. "ಅಬ್ಬಬ್ಬಾ, ಹಿರಿಸೊಸೆ ಎಷ್ಟು ದುಂಡಗಾಗಿದಾಳೆ ನೋಡಿ! ನಮ್ಮ ಹಿರಿಯರ ಎಡೆ ಇವಳಿಗೆ ಚೆನ್ನಾಗಿ ಒಗ್ಗಿದೆ." ಎಲ್ಲರೂ ನಕ್ಕರು. ಪಿಲ್ನಾಮ್ ಕೂಡ ನಕ್ಕಳು. ಅವತ್ತು ಎಲ್ಲರೂ ಹೋದ ಮೇಲೆ ಬೋಗುಣಿ ಖಾಲಿ ಮಾಡಿ, ಬಚ್ಚಲಮನೆಗೆ ಹೋಗಿ, ನಲ್ಲಿ ಜೋರಾಗಿ ತಿರುಗಿಸಿ, ತಿಂದದ್ದನ್ನೆಲ್ಲ ಹೊರಗೆ ಹಾಕಿದಳು. ಹೊಟ್ಟೆಯ ಜೊತೆಗೆ ಆ ನಗೆಯೂ ಖಾಲಿಯಾದಂತೆ ಹಾಯೆನಿಸಿತು. ಆ ಹಾಯಿಗೇ ಅವಳು ಸಿಕ್ಕಿಬಿದ್ದಳು. ದಿನವಿಡೀ ಏನೂ ತಿನ್ನದೆ ಇರುವುದು, ಕೈಗೆ ಸಿಕ್ಕಿದ್ದನ್ನು ನಿಂತಲ್ಲೇ ಗಬಗಬ ಮುಕ್ಕುವುದು, ನಲ್ಲಿ ತಿರುಗಿಸುವುದು, ಇಷ್ಟರಲ್ಲಿ ಮೂವತ್ತು ವರ್ಷ ಕಳೆದವು. ಇದಕ್ಕೊಂದು ಹೆಸರಿದೆ, ಇದು ಕಾಯಿಲೆ, ಇದಕ್ಕೆ ಆಸ್ಪತ್ರೆ ಇದೆ ಎಂದು ಅವಳು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ತನ್ನದೊಂದು ಹೊಲಸು ಚಾಳಿ ಎಂದು ಮಾತ್ರ ಅಂದುಕೊಂಡಿದ್ದಳು.

ಗುಟ್ಟನ್ನು ಹಿಡಿದವಳು ಹಲ್ಲಿನ ಡಾಕ್ಟರು. ಮಗಳ ವಯಸ್ಸಿನ ಹುಡುಗಿ. ಬಾಯೊಳಗೆ ದೀಪ ಹಿಡಿದು ತುಂಬ ಹೊತ್ತು ನೋಡಿ, ನರ್ಸನ್ನು ಆಚೆ ಕಳಿಸಿ, ಮುಖದ ಮಾಸ್ಕು ಕೆಳಗೆ ಸರಿಸಿದಳು.

"ಅಮ್ಮಾ, ನಿಮ್ಮ ಹಲ್ಲು ಒಳಗಡೆಯಿಂದ ಸವೆದಿದೆ. ಹುಳುಕಿಂದ ಹೀಗಾಗಲ್ಲ. ತಿಂದಿದ್ದನ್ನ ನೀವೇ ಹೊರಗೆ ಹಾಕ್ತೀರಾ?"

ಪಿಲ್ನಾಮಳ ಬಾಯಿ ತುಂಬ ಹತ್ತಿ ಇತ್ತು. ಇಲ್ಲ ಎನ್ನಲು ಆಗಲಿಲ್ಲ, ಕಣ್ಣಲ್ಲಿ ದಳದಳ ನೀರು ಬಂತು. ಆ ಹುಡುಗಿ ಬೈಯಲೂ ಇಲ್ಲ, ಬೋಧನೆಯನ್ನೂ ಮಾಡಲಿಲ್ಲ. ಕಣ್ಣೊರೆಸಿ ಒಂದು ಆಸ್ಪತ್ರೆಯ ವಿಳಾಸ ಕೊಟ್ಟಳು. ಅಲ್ಲಿ ರಕ್ತ ಪರೀಕ್ಷೆ ಮಾಡಿದವರು ಮುಚ್ಚುಮರೆ ಮಾಡದೆ ಹೇಳಿದರು: ಮೈಯಲ್ಲಿ ಇರಬೇಕಾದ ಲವಣ ಇಳಿದುಹೋಗಿದೆ, ಎದೆಬಡಿತ ತಪ್ಪುತ್ತಿದೆ, ಹೀಗೇ ನಡೆದರೆ ಒಂದು ದಿನ ಗುಂಡಿಗೆ ನಿಂತೇ ಹೋಗಬಹುದು. ಔಷಧ ಕೊಟ್ಟರು. ಆದರೆ ಔಷಧವೂ ಹೊಟ್ಟೆಯಲ್ಲಿ ಉಳಿಯಬೇಕಲ್ಲ? ಉಂಡದ್ದನ್ನು ಉಳಿಸಿಕೊಳ್ಳುವುದನ್ನು ಕಲಿಯಲು ವಾರಕ್ಕೊಮ್ಮೆ ಬನ್ನಿ ಎಂದರು.

ಮನೆಯಲ್ಲಿ ಮೊಣಕಾಲಿನ ಚಿಕಿತ್ಸೆಗೆ ಹೋಗುತ್ತೇನೆ ಎಂದಳು. ಓಣಿಯಲ್ಲಿ ಐವತ್ತು ದಾಟಿದ ಹೆಂಗಸರೆಲ್ಲರ ಮೊಣಕಾಲೂ ಯಾವುದೋ ಒಂದು ಆಸ್ಪತ್ರೆಯ ದಾರಿಯಲ್ಲೇ ಇರುತ್ತಿದ್ದವು. ಯಾರೂ ಮರುಮಾತಾಡಲಿಲ್ಲ.

ಮೊದಲ ದಿನ ಆಸ್ಪತ್ರೆಯ ಕೋಣೆಯ ಬಾಗಿಲು ತೆಗೆದು ನೋಡಿದರೆ ಕೆಳಗಿನಿಂದ ಕಾಯಿಸಿದ ಬೆಚ್ಚಗಿನ ನೆಲದ ಮೇಲೆ ಮೆತ್ತೆ ಹಾಕಿಕೊಂಡು ಕೂತವರೆಲ್ಲ ಎಳೆಯ ಹುಡುಗಿಯರು. ಬೋಮಿ ಎಂಬ ಕಾಲೇಜು ಹುಡುಗಿ, ಕಡ್ಡಿಯಂತಹ ಕೈಯವಳು, ಸರಿದು ಜಾಗ ಮಾಡಿಕೊಟ್ಟು, "ನೀವು ಯಾರ ಅಮ್ಮ?" ಎಂದು ಕೇಳಿದಳು.

"ಹೇಜು ಅಮ್ಮ" ಎಂದಳು ಪಿಲ್ನಾಮ್, ಮಗಳ ಹೆಸರಿನಿಂದಲೇ ಕರೆಸಿಕೊಂಡ ವಾಡಿಕೆಯಂತೆ.

ಹುಡುಗಿಯರೆಲ್ಲ ಹೇಜು ಎಂಬುವಳು ಎಲ್ಲಿ ಎಂದು ಸುತ್ತಲೂ ನೋಡಿದರು. ಹೇಜು ಪುಸಾನಿನಲ್ಲಿ ಗಂಡನ ಮನೆಯಲ್ಲಿದ್ದಾಳೆ, ಕಾಯಿಲೆ ತನ್ನದು ಎಂದು ಬಿಡಿಸಿ ಹೇಳುವಷ್ಟರಲ್ಲಿ ಪಿಲ್ನಾಮ್ ಬೆವರಿಹೋದಳು. ಬೋಮಿ ತನ್ನ ಮೆತ್ತೆಯನ್ನೇ ಅವಳಿಗೆ ಕೊಟ್ಟಳು. ಆವತ್ತಿನಿಂದ ಆ ಹುಡುಗಿಯರಿಗೆಲ್ಲ ಅವಳು ಚಿಕ್ಕಮ್ಮ.

ಅಲ್ಲಿ ಕಲಿಸುತ್ತಿದ್ದವಳು ಯುನ್‌ಸೋಲ್ ಎಂಬ ಮೇಡಂ. ಮೆಲ್ಲಗೆ ಮಾತಾಡುವವಳು, ಆದರೆ ಜಾರಿಕೊಳ್ಳಲು ಬಿಡುವವಳಲ್ಲ. ಮೈತೂಕದ ಮಾತು ಇಲ್ಲಿ ಬೇಡ ಎಂದು ಮೊದಲೇ ಹೇಳಿದ್ದಳು. ಅವಳು ಕಲಿಸುತ್ತಿದ್ದುದು ಕೇಳಲು ಬಲು ಸುಲಭ. ಉಣ್ಣುವ ಮುಂಚೆ ಉಸಿರು ನೋಡಿಕೊಳ್ಳಿ. ಹೊಟ್ಟೆಯನ್ನು ಕೇಳಿ: ಹಸಿವಾಗಿದೆಯಾ, ಅಥವಾ ಬೇಜಾರಾಗಿದೆಯಾ, ಸಿಟ್ಟು ಬಂದಿದೆಯಾ? ತುತ್ತು ಬಾಯಲ್ಲಿರುವಾಗ ಬಾಯಲ್ಲೇ ಇರಿ. ಮನಸ್ಸು ಬೈಯುತ್ತದೆ, ಬೈಯಲಿ. ಬೀದಿಯಲ್ಲಿ ಹೋಗುವ ಗದ್ದಲವನ್ನು ಕಿಟಕಿಯಿಂದ ಕೇಳುವ ಹಾಗೆ ಕೇಳಿ, ಅದರ ಹಿಂದೆ ಓಡಬೇಡಿ. ಉಂಡ ಮೇಲೆ ಸಂಕಟ ಬರುತ್ತದೆ. ಬಂದದ್ದು ಏರುತ್ತದೆ, ಏರಿದ್ದು ಇಳಿಯುತ್ತದೆ, ಅಲ್ಲಿಯವರೆಗೆ ಕೂತಿರಿ.

ಕಿತ್ತಳೆ ಹಣ್ಣಿನಿಂದ ಶುರು ಮಾಡಿದರು. ಒಬ್ಬೊಬ್ಬರಿಗೆ ಒಂದೊಂದು. ನೋಡಿ, ಮೂಸಿ, ನಿಧಾನವಾಗಿ ಸುಲಿಯಿರಿ ಎಂದಳು ಮೇಡಂ. ಅವಳು ಮಾತು ಮುಗಿಸುವಷ್ಟರಲ್ಲಿ ಪಿಲ್ನಾಮ್ ಹಣ್ಣು ಸುಲಿದು, ನಾರು ತೆಗೆದು, ಎಡಬಲ ಕೂತವರಿಗೆ ತೊಳೆ ಹಂಚಿ ಮುಗಿಸಿದ್ದಳು. ಮೇಡಂ ಕೈಯಲ್ಲೂ ಎರಡು ತೊಳೆ ಬಂದು ಬಿದ್ದಿದ್ದವು.

"ಚಿಕ್ಕಮ್ಮಾ, ನಿಮ್ಗೆ?" ಎಂದಳು ಬೋಮಿ.

ಪಿಲ್ನಾಮ್ ಕೈ ನೋಡಿಕೊಂಡಳು. ಸಿಪ್ಪೆ ಮಾತ್ರ ಇತ್ತು. "ಸಿಪ್ಪೆ ಒಣಗಿಸಿ ಕಷಾಯ ಮಾಡ್ಬೋದು ಬಿಡು" ಎಂದಳು. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಂ ನಗುತ್ತ ಇನ್ನೊಂದು ಹಣ್ಣು ತಂದು ಅವಳ ಅಂಗೈಯಲ್ಲಿಟ್ಟಳು. ಅದನ್ನು ಹಿಡಿದುಕೊಂಡೇ ಅವಳು ಗಂಟೆ ಮುಗಿಸಿದಳು, ತಿನ್ನಲಾಗಲಿಲ್ಲ.

ಮನೆಗೆ ಕೊಟ್ಟ ಪಾಠವೂ ಒಂದೇ: ವಾರದಲ್ಲಿ ಒಂದು ಹೊತ್ತು ತನಗೆ ತಾನೇ ಬಡಿಸಿಕೊಂಡು, ಕೂತು, ಉಂಡು, ಉಂಡದ್ದನ್ನು ಉಳಿಸಿಕೊಳ್ಳಬೇಕು. ಮೂರು ತಿಂಗಳು ಪಿಲ್ನಾಮಳ ಕೈಯಲ್ಲಿ ಆಗಲಿಲ್ಲ. ಕೂತ ತಕ್ಷಣ ಏಳುತ್ತಿದ್ದಳು. ನೀರು ಇಟ್ಟಿಲ್ಲ, ಕಿಮ್ಚಿ ಹೆಚ್ಚಿಲ್ಲ, ಒಲೆ ಮೇಲೆ ಏನೋ ಇದೆ. ಮನೆಯಲ್ಲಿ ಯಾರೂ ಇಲ್ಲದಾಗಲೂ ಯಾರೋ ಕರೆದಂತಾಗಿ ಏಳುತ್ತಿದ್ದಳು. ಎದ್ದಮೇಲೆ ನಿಂತೇ ತಿನ್ನುವುದು, ತಿಂದಮೇಲೆ ನಲ್ಲಿ. ಆ ಹುಡುಗಿಯರಲ್ಲಿ ಒಬ್ಬಿಬ್ಬರು ನಿಧಾನಕ್ಕೆ ಚೇತರಿಸಿಕೊಳ್ಳುತ್ತಿದ್ದರು. ಇವಳ ರಕ್ತ ಪರೀಕ್ಷೆ ಮಾತ್ರ ಮೊದಲಿದ್ದ ಹಾಗೇ ಇತ್ತು. ಈ ಸಲ ಡಾಕ್ಟರು ದನಿ ಏರಿಸಿಯೇ ಹೇಳಿದರು.

ಆ ವಾರ ಮೇಡಂ ಅವಳ ಎದುರಿಗೆ ಬಂದು ಕೂತಳು. "ಪಿಲ್ನಾಮ್ ಅವರೇ, ಯಾವ ಅವಸರವೂ ಇಲ್ದೆ, ಯಾರೂ ಯಾರ್ನೂ ಕರೀದೆ, ನೆಮ್ಮದಿಯಾಗಿ ನಡೆದ ಊಟ ನಿಮ್ಮ ಮನೇಲಿ ಯಾವತ್ತಾದ್ರೂ ನೋಡಿದೀರಾ?"

ಪಿಲ್ನಾಮ್ ಯೋಚಿಸಿದಳು. "ನೋಡಿದೀನಿ ಮೇಡಂ. ಸತ್ತವರ ಊಟ."

ಹುಡುಗಿಯರು ತಲೆ ಎತ್ತಿದರು. ಅವರೂ ಎಡೆ ಕಂಡವರೇ, ಆದರೆ ಅಡುಗೆಮನೆಯಿಂದ ಕಂಡವರಲ್ಲ. ಅನ್ನದ ನಡುವೆ ಚಮಚ ನೆಟ್ಟ ಮೇಲೆ ಹಿರಿಯರು ಉಣ್ಣಲೆಂದು ಕೋಣೆಯ ಬಾಗಿಲು ಹಾಕುತ್ತಾರೆ. ಒಂಬತ್ತು ಚಮಚ ಅನ್ನ ತಿನ್ನುವಷ್ಟು ಹೊತ್ತು ಎಲ್ಲರೂ ಆಚೆ ಕಾಯುತ್ತಾರೆ. ಯಾರೂ ಮಾತಾಡುವಂತಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗುವಂತಿಲ್ಲ.

"ನಾನು ಆವಾಗ ಮಾತ್ರ ಕೂತ್ಕೋತೀನಿ" ಎಂದಳು ಪಿಲ್ನಾಮ್. "ಅಡುಗೆಮನೆ ನೆಲದ ಮೇಲೆ. ಯಾಕಂದ್ರೆ ಕೆಲಸ ಮಾಡಿದ್ರೆ ಸದ್ದಾಗತ್ತಲ್ಲ. ಒಳಗೆ ಮಾವ ನಿಧಾನಕ್ಕೆ ಉಣ್ತಿರ್ತಾರೆ. ಬದುಕಿದ್ದಾಗ ಅವರೂ ಗಬಗಬ ತಿಂದು ಓಡಿದೋರೇ. ಹೊಟ್ಟೆಕಿಚ್ಚಾಗತ್ತೆ ಮೇಡಂ, ಏನ್ ಮಾಡ್ಲಿ."

ಮೇಡಂ ಕಣ್ಣಲ್ಲಿ ನೀರಾಡಿತು. "ಹಾಗಾದ್ರೆ ಕಾಯೋದು ಹೇಗೆ ಅಂತ ನಿಮಗೆ ಚೆನ್ನಾಗಿ ಗೊತ್ತು. ಒಂದು ಸಲ, ಒಂದೇ ಒಂದು ಸಲ, ನಿಮಗೋಸ್ಕರ ಅಂಥದ್ದೊಂದು ಊಟ ಬಡಿಸ್ಕೊಳ್ಳಿ."

ಮೇಡಂ ಹೇಳಿದ್ದು ಭಾವಾರ್ಥದಲ್ಲಿ. ಪಿಲ್ನಾಮ್ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವಳು. ಇಂಥದ್ದೊಂದು ಎಡವಟ್ಟು ಎಡೆ ಇಡುವ ಮನೆಯ ಹಿರಿಸೊಸೆಯಿಂದ ಮಾತ್ರ ಆಗಲು ಸಾಧ್ಯ.

ಚಳಿ ಇನ್ನೂ ಬಿಟ್ಟಿರಲಿಲ್ಲ. ಮಾರುಕಟ್ಟೆಗೆ ರಜೆಯ ದಿನ. ಗಂಡ ಬಸ್ಸಿನ ಮೇಲೆ ಹೋಗಿದ್ದ. ಅತ್ತೆ ಚಾಸುನ್ ಅಜ್ಜಿ, ಎಂಬತ್ತು ದಾಟಿದರೂ ನಾಲಿಗೆ ಮಾತ್ರ ಹರೆಯದ್ದು, ಮಧ್ಯಾಹ್ನದ ಹೊತ್ತಿಗೆ ವಠಾರದ ಮುದುಕಿಯರು ಕೂಡುವ ಕೋಣೆಗೆ ಹೂವಿನ ಚಿತ್ರದ ಇಸ್ಪೀಟಾಡಲು ಹೋದವಳು ಸಂಜೆಯವರೆಗೆ ಬರುವವಳಲ್ಲ. ಪಿಲ್ನಾಮ್ ಸ್ನಾನ ಮಾಡಿದಳು, ಏಕೆಂದರೆ ಮೈಯಲ್ಲಿ ಅಂಗಡಿಯ ಬೆಳ್ಳುಳ್ಳಿ ವಾಸನೆ ಇದ್ದರೆ ಅನ್ನದ ವಾಸನೆ ಗೊತ್ತಾಗುವುದಿಲ್ಲ. ಒಗೆದ ಬಿಳಿ ಅಂಗಿ ತೊಟ್ಟು ತಲೆ ಬಾಚಿಕೊಂಡಳು. ಗಿಡ್ಡ ಕಾಲಿನ ಚಿಕ್ಕ ಮೇಜನ್ನು ಹಿಂದಿನ ಕೋಣೆಗೆ ಒಯ್ದು, ಬಿಸಿ ಅನ್ನ, ಮೂಲಂಗಿ ಸಾರು, ಶಾರ್ಕ್ ಮೀನಿನ ಒಂದು ತುಂಡು, ಸೊಪ್ಪು ಇಟ್ಟಳು. ಯಾವುದನ್ನು ಎಲ್ಲಿಡಬೇಕೆಂದು ಯೋಚಿಸಲಿಲ್ಲ. ಅಷ್ಟು ಶ್ರದ್ಧೆಯಿಂದ ಬಡಿಸುವಾಗ ಕೈಗಳು ತಾವು ಕಲಿತ ದಾರಿಯಲ್ಲೇ ಹೋದವು: ಸಾರು ಎಡಕ್ಕೆ, ಅನ್ನ ಬಲಕ್ಕೆ. ಬದುಕಿರುವವರಿಗೆ ಬಡಿಸುವುದಕ್ಕೆ ಅದು ತಿರುಗುಮುರುಗು, ಆದರೆ ಅವಳ ಲಕ್ಷ್ಯಕ್ಕೇ ಬರಲಿಲ್ಲ. ಬಾಗಿಲು ಹಾಕಿಕೊಂಡು ಕೂತಳು. ಮೇಡಂ ಹೇಳಿದ ಹಾಗೆ ಎರಡೂ ಕೈ ತೊಡೆಯ ಮೇಲಿಡಬೇಕಿತ್ತು. ಚಮಚ ಅಡ್ಡಿಯಾಯಿತು. ಅದನ್ನು ಅನ್ನದ ನಡುವೆ ನೆಟ್ಟಳು.

ಉಸಿರು ನೋಡಿಕೊಂಡಳು. ಅನ್ನದಿಂದ ಆವಿ ಏಳುತ್ತಿತ್ತು. ಹಸಿವಾಗಿದೆಯಾ ಎಂದು ಹೊಟ್ಟೆಯನ್ನು ಕೇಳಿದಳು. ಮೂರು ತಿಂಗಳಲ್ಲಿ ಮೊದಲ ಸಲ ಒಳಗಿನಿಂದ ಉತ್ತರ ಬಂತು: ಹೂಂ, ಆಗಿದೆ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಕಣ್ಣು ಮುಚ್ಚಿಕೊಂಡು ಇನ್ನಷ್ಟು ಹೊತ್ತು ಹಾಗೇ ಕೂತಿದ್ದಳು.

ಬಾಗಿಲು ತೆರೆಯಿತು. ಮುದುಕಿಯರ ಕೋಣೆಯ ನೆಲ ಕಾಯಿಸುವ ಬಾಯ್ಲರು ಕೆಟ್ಟು ನೆಲವೆಲ್ಲ ತಣ್ಣಗಾಗಿ ಚಾಸುನ್ ಅಜ್ಜಿ ಗೊಣಗುತ್ತ ಮನೆಗೆ ಬಂದಿದ್ದಳು. ಒಳಗೆ ಕಂಡದ್ದು ಇಷ್ಟು: ಮಿಂದು ಬಿಳಿ ಉಟ್ಟ ಸೊಸೆ, ಮುಚ್ಚಿದ ಕಣ್ಣು, ಸತ್ತವರ ಕ್ರಮದಲ್ಲಿ ಬಡಿಸಿದ ಊಟ, ಅನ್ನದಲ್ಲಿ ನೆಟ್ಟ ಚಮಚ.

"ಯಾರಿಗೇ ಇದು?" ಎಂದಳು ಅಜ್ಜಿ. ಆ ದಿನ ಯಾರ ತಿಥಿಯೂ ಇಲ್ಲವೆಂದು ಅವಳಿಗೆ ಗೊತ್ತಿತ್ತು.

"ನನಗೇ ಅತ್ತೆ" ಎಂದಳು ಪಿಲ್ನಾಮ್.

ಅಜ್ಜಿ ಹೊಸ್ತಿಲಲ್ಲೇ ಕೂತುಬಿಟ್ಟಳು. ಕೂತಲ್ಲಿಂದಲೇ ನೆಲದ ಮೇಲೆ ಕೈಯೂರಿ ಮೇಜಿನವರೆಗೆ ತೆವಳಿಕೊಂಡು ಬಂದಳು. ಚಮಚ ಕಿತ್ತು ಎಸೆದಳು. ಅದು ಗೋಡೆಗೆ ಬಡಿದು ಅನ್ನದ ಅಗುಳು ಅಂಟಿಕೊಂಡವು. ಸಾರಿನ ಬಟ್ಟಲನ್ನು ಎಳೆದು ಬಲಕ್ಕಿಟ್ಟಳು, ಅರ್ಧ ಸಾರು ಚೆಲ್ಲಿತು. ಅನ್ನದ ಬಟ್ಟಲನ್ನು ಎಡಕ್ಕಿಟ್ಟಳು.

"ಬದುಕಿರೋರಿಗೆ ಅನ್ನ ಎಡಕ್ಕೆ ಕಣೇ! ಎಡಕ್ಕೆ! ಬದುಕಿದೀಯ ನೀನು! ನಾನೇ ಇನ್ನೂ ಹೋಗಿಲ್ಲ, ಗುಂಡುಕಲ್ಲಿನ ಹಾಗೆ ಕೂತಿದೀನಿ, ನನ್ನ ದಾಟ್ಕೊಂಡು ಹೋಗ್ತೀಯೇನೇ? ನಾಳೆ ನನಗೆ ಎಡೆ ಇಡೋರು ಯಾರೇ? ನಿನ್ನ ಗಂಡಾನಾ? ಅವನಿಗೆ ನೀರು ಕಾಯ್ಸಕ್ಕೂ ಬರಲ್ವಲ್ಲೇ!" ಬೈಯುತ್ತಲೇ ಅವಳು ಸೊಸೆಯ ಎರಡೂ ಕೈ ಹಿಡಿದುಕೊಂಡಿದ್ದಳು, ಬಿಟ್ಟರೆ ಎದ್ದು ಎಲ್ಲಿಗೋ ಹೋಗಿಬಿಡುತ್ತಾಳೆ ಎಂಬಂತೆ.

ಆಗ ಪಿಲ್ನಾಮಳಿಗೆ ತಾನು ಮಾಡಿದ್ದೇನು ಎಂದು ಹೊಳೆಯಿತು. "ಅಯ್ಯೋ, ಸಾಯೋಕಲ್ಲ ಅತ್ತೆ. ಉಣ್ಣೋಕೆ" ಎಂದಳು.

"ಉಣ್ಣೋಕಾ?"

"ನನಗೆ ಕೂತು ಉಣ್ಣಕ್ಕೆ ಬರಲ್ಲ ಅತ್ತೆ. ಉಂಡಿದ್ದು ಉಳಿಯಲ್ಲ. ನಾನೇ ಉಳಿಸಲ್ಲ." ಒಂದು ಮಾತು ಹೊರಬಿದ್ದ ಮೇಲೆ ಉಳಿದವು ತಡೆಯಲಾರದೆ ಬಂದವು. ತೋಳು ಹಿಡಿದು ಅಮುಕಿದ ಸೋದರತ್ತೆ, ಬೋಗುಣಿ, ಬಚ್ಚಲು, ಹಲ್ಲು, ಗುಂಡಿಗೆ ನಿಲ್ಲಬಹುದೆಂದ ಡಾಕ್ಟರು, ಮೊಣಕಾಲಿನ ಸುಳ್ಳು. ಹೇಳುತ್ತ ಹೇಳುತ್ತ ಅವಳು ನೆಲ ನೋಡುತ್ತಿದ್ದಳು. ಒಳ್ಳೆಯ ಅನ್ನವನ್ನು ಬಚ್ಚಲಿಗೆ ಹಾಕಿದೆಯಾ ಎಂದು ಅತ್ತೆ ಈಗ ಕೂಗುತ್ತಾಳೆ ಎಂದು ಕಾದಳು. ಹಸಿವಿನ ಕಾಲದಲ್ಲಿ ಮರದ ತೊಗಟೆ ಬೇಯಿಸಿ ತಿಂದು ಬೆಳೆದ ಹೆಂಗಸು ಅವಳು.

ಅಜ್ಜಿ ಕೂಗಲಿಲ್ಲ. "ನೀನು ಅಳ್ತಿದೀಯ ಅಂದ್ಕೊಂಡಿದ್ದೆ ಕಣೇ."

"ಏನತ್ತೆ?"

"ನಲ್ಲಿ ಬಿಟ್ಕೊಂಡು ಒಳಗಿರ್ತಿದ್ದೆಯಲ್ಲ, ಪಾಪ, ಅಳ್ತಿದಾಳೆ ಅಂದ್ಕೊಂಡೆ. ನನ್ನ ಕಾಲದಲ್ಲಿ ನಾನು ಹಿತ್ತಲ ಉಪ್ಪಿನಕಾಯಿ ಜಾಡಿ ಹಿಂದೆ ಕೂತು ಅಳ್ತಿದ್ದೆ. ಸೊಸೆ ಆದೋಳಿಗೆ ಅಳಕ್ಕಾದ್ರೂ ಒಂದು ಜಾಗ ಬೇಡ್ವಾ? ಅದಕ್ಕೇ ನಾನು ಟೀವಿ ಜೋರು ಮಾಡ್ತಿದ್ದೆ. ನಿನಗೆ ಮುಜುಗರ ಆಗಬಾರದು ಅಂತ." ಅವಳು ಬಚ್ಚಲ ಕಡೆ ನೋಡಿದಳು. "ಒಂದ್ಸಲ ಬಾಗಿಲು ಬಡೀಬೇಕಾಗಿತ್ತು ನಾನು."

ಮೂವತ್ತು ವರ್ಷ ಅತ್ತೆಯ ಕಿವಿ ಮಂದ ಎಂದು ಮನೆಯವರೆಲ್ಲ ತಿಳಿದಿದ್ದರು. ಪಿಲ್ನಾಮ್ ಮುದುಕಿಯ ಭುಜಕ್ಕೆ ಹಣೆ ಹಚ್ಚಿ ಅತ್ತಳು. ಅತ್ತೆ ಸೊಸೆ ಒಬ್ಬರನ್ನೊಬ್ಬರು ಮುಟ್ಟಿಕೊಳ್ಳುವ ಮನೆ ಅದಾಗಿರಲಿಲ್ಲ. ಇಬ್ಬರಿಗೂ ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ.

ಮೊದಲು ಚೇತರಿಸಿಕೊಂಡವಳು ಅಜ್ಜಿಯೇ. ಎದ್ದು ಬೇರೆ ಚಮಚ ತಂದಳು. "ತಿನ್ನು. ಆರಿಹೋಯ್ತು."

"ನೀವು ಎದುರಿಗೆ ಬರೀ ಕೈಯಲ್ಲಿ ಕೂತಿರುವಾಗ ನಾನೊಬ್ಳೇ ಹೇಗತ್ತೆ?"

"ನಾನು ಅಲ್ಲಿ ತಿಂದು ಬಂದಿದೀನಿ. ನಾಚಿಕೆ ಆದ್ರೆ ಆ ಕಡೆ ತಿರುಗ್ತೀನಿ, ತಗೋ." ಹಿರಿಯರೆದುರು ಕುಡಿಯುವಾಗ ಕಿರಿಯರು ಮುಖ ತಿರುಗಿಸುವುದು ನಮ್ಮ ಕ್ರಮ. ಕಿರಿಯಳು ಉಣ್ಣಲಿ ಎಂದು ಹಿರಿಯಳು ಬೆನ್ನು ತಿರುಗಿಸಿ ಕೂತದ್ದನ್ನು ನಾನಂತೂ ಬೇರೆಲ್ಲೂ ಕೇಳಿಲ್ಲ.

ಪಿಲ್ನಾಮ್ ಉಂಡಳು. ಮೊದಲ ತುತ್ತು ಬಾಯಲ್ಲಿ ಸುಮ್ಮನೆ ಇತ್ತು, ಅಗಿಯುತ್ತ ಹೋದಂತೆ ಸಿಹಿಯಾಯಿತು. ಅನ್ನ ಸಿಹಿ ಇರುತ್ತದೆ ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು. ಮೀನಿನ ಉಪ್ಪು ಸ್ವಲ್ಪ ಮುಂದಾಗಿತ್ತು. ಅಂಗಡಿಯಲ್ಲಾದರೆ ತಕ್ಷಣ ಸರಿಮಾಡಲು ಕೈ ಓಡುತ್ತಿತ್ತು; ಈಗ ಉಪ್ಪು ಉಪ್ಪಾಗಿಯೇ ಇರಲಿ ಎಂದು ಬಿಟ್ಟಳು. ನೀರು ಇಟ್ಟಿಲ್ಲ ಎಂದು ಮನಸ್ಸು ಎಬ್ಬಿಸಲು ನೋಡಿತು, ಏಳಲಿಲ್ಲ. ದುಂಡಗಾಗುತ್ತೀಯ ಎಂದು ಸೋದರತ್ತೆಯ ದನಿ ಬಂತು, ಬಂದು ನಿಂತಿತು, ಮುಂದಿನ ತುತ್ತಿನ ಹೊತ್ತಿಗೆ ಸಣ್ಣಗಾಯಿತು. ಅತ್ತೆಯ ಬೆನ್ನು ಉಸಿರಾಡುವುದು ಕಾಣುತ್ತಿತ್ತು. ಇನ್ನೂ ಸ್ವಲ್ಪ ಅನ್ನ ಬಟ್ಟಲಲ್ಲಿ ಇರುವಾಗಲೇ ಹೊಟ್ಟೆ ಸಾಕು ಎಂದಿತು. ಅವಳು ಚಮಚ ಕೆಳಗಿಟ್ಟಳು.

ಅಜ್ಜಿ ತಿರುಗಿ ನೋಡಿದಳು. ಬಟ್ಟಲಲ್ಲಿ ಉಳಿದ ಅನ್ನ ಕಂಡು ಅವಳ ಬಾಯಿಗೆ ಏನೋ ಬಂತು. ಅದನ್ನು 'ಗುಟುಕ್' ಎಂದು ನುಂಗಿಕೊಂಡಳು. ಆ ಹೆಂಗಸು ಜೀವಮಾನದಲ್ಲಿ ನುಂಗಿಕೊಂಡ ಮೊದಲ ಮಾತು ಅದೇ ಇರಬೇಕು.

ಕಷ್ಟದ ಭಾಗ ಆಮೇಲೆ ಬಂತು. ಹೊಟ್ಟೆ ಕಲ್ಲಾಯಿತು. ಹಣೆಯಲ್ಲಿ ಬೆವರೊಡೆಯಿತು, ಗಂಟಲು ತಾನಾಗಿ ತೆರೆದುಕೊಳ್ಳತೊಡಗಿತು. ಬಚ್ಚಲು ನಾಲ್ಕು ಹೆಜ್ಜೆ. ಈಗ ಎದ್ದರೆ ಹಾಯಿ, ಒಂದೇ ಕ್ಷಣದ ಹಾಯಿ.

"ಬರ್ತಿದೆ ಅತ್ತೆ" ಎಂದಳು.

"ಏನ್ ಮಾಡ್ಬೇಕು ನಾನು?"

"ಏನೂ ಬೇಡ. ಅದು ಹೋಗೋವರೆಗೂ ಕೂತಿರ್ಬೇಕಂತೆ."

ಏನೂ ಮಾಡದೆ ಕೂರುವುದು ಚಾಸುನ್ ಅಜ್ಜಿಗೆ ತಿಳಿಯದ ವಿದ್ಯೆ. ಸೊಸೆಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, ಎದುರು ಮನೆಯ ಮುದುಕಿ ಇಸ್ಪೀಟಿನಲ್ಲಿ ಎಲೆ ಕದಿಯುವ ಪುರಾಣ ಶುರು ಮಾಡಿದಳು. "ತೊಡೆ ಕೆಳಗೆ ಇಟ್ಕೋತಾಳೆ ಕಣೇ, ತೊಡೆ ಕೆಳಗೆ! ಮಾತು ಮಾತ್ರ ಸನ್ಯಾಸಿನಿ ಥರ." ಪಿಲ್ನಾಮ್ ಉಸಿರು ನೋಡಿಕೊಂಡಳು. ಸಂಕಟ ಏರಿತು, ಇನ್ನೂ ಏರಿತು, ಇನ್ನು ಆಗದು ಎನ್ನುವಲ್ಲಿಗೆ ಮುಟ್ಟಿತು. ಅಜ್ಜಿ ಕದ್ದ ಎಲೆಗಳ ಲೆಕ್ಕ ಹೇಳುತ್ತಲೇ ಇದ್ದಳು. ಯಾವಾಗ ಇಳಿಯಲು ಶುರುವಾಯಿತೋ ತಿಳಿಯಲಿಲ್ಲ. ನೋಡಿಕೊಂಡಾಗ ಗಂಟಲು ಮುಚ್ಚಿತ್ತು, ಬೆವರು ಆರಿತ್ತು, ಅನ್ನ ಹೊಟ್ಟೆಯಲ್ಲಿ ಬೆಚ್ಚಗೆ ಇತ್ತು.

"ಹೋಯ್ತು" ಎಂದಳು ಪಿಲ್ನಾಮ್.

"ಹೋಯ್ತಾ?" ಅಜ್ಜಿ ಕೈ ಬಿಟ್ಟಳು. ಮಣಿಕಟ್ಟಿನ ಮೇಲೆ ಬೆರಳಿನ ಗುರುತು ಕೆಂಪಗೆ ಮೂಡಿತ್ತು.

ಅಂದಿನಿಂದ ಎಲ್ಲ ಸರಿಹೋಯಿತು ಎಂದು ಹೇಳಿದರೆ ನಾನು ಸುಳ್ಳುಗಾರನಾಗುತ್ತೇನೆ. ಆ ತಿಂಗಳಲ್ಲೇ ಅವಳು ಮತ್ತೆ ಜಾರಿದಳು, ಎದ್ದಳು, ಇನ್ನೊಮ್ಮೆ ಜಾರಿದಳು. ಅಜ್ಜಿ ಟೀವಿ ಜೋರು ಮಾಡುವುದನ್ನು ಬಿಟ್ಟು ಬಾಗಿಲು ಬಡಿಯುವುದನ್ನು ಕಲಿತಳು. ಆಸ್ಪತ್ರೆಯ ಮೇಡಂ ಈ ಕತೆಯೆಲ್ಲ ಕೇಳಿ ಮುಖ ಮುಚ್ಚಿಕೊಂಡು, ಇನ್ನು ಮೇಲೆ ಮಾತು ತೂಗಿ ಆಡುತ್ತೇನೆ ಎಂದಳಂತೆ. ಅದೆಲ್ಲ ಆಮೇಲಿನದು. ಆ ಮಧ್ಯಾಹ್ನ ಮಾತ್ರ ಪಿಲ್ನಾಮ್ ಒಂದು ಊಟ ಉಳಿಸಿಕೊಂಡಿದ್ದಳು.

ಇಬ್ಬರೂ ಗೋಡೆಗೆ ಒರಗಿ ಕೂತಿದ್ದರು. ನೆಲ ಬೆಚ್ಚಗಿತ್ತು. ಅಜ್ಜಿ ಇದ್ದಕ್ಕಿದ್ದಂತೆ, "ನಾಳೆ ಮಧ್ಯಾಹ್ನ ಅಡುಗೆ ನಾನು ಮಾಡ್ತೀನಿ. ನಿನಗೇನು ಇಷ್ಟ ಹೇಳು" ಎಂದಳು.

ಪಿಲ್ನಾಮ್ ಬಾಯಿ ತೆರೆದಳು. ಗಂಡನಿಗೆ ಮೀನಿನ ತಲೆ, ಹೇಜುವಿಗೆ ಖಾರದ ಅಕ್ಕಿ ಕಡುಬು, ಅತ್ತೆಗೆ ತಳ ಹಿಡಿದ ಅನ್ನಕ್ಕೆ ಬಿಸಿನೀರು ಹಾಕಿ ಕದಡಿದ ಗಂಜಿ. ತಾನು ಮುಖ ಕಾಣದ ಮಾವನ ಅಪ್ಪನಿಗೆ ಒಣಗಿಸಿದ ಪರ್ಸಿಮನ್ ಹಣ್ಣು ಇಷ್ಟ, ಅವನ ಹೆಂಡತಿಗೆ ಅದು ಸೇರದು. ನಿದ್ದೆಯಲ್ಲಿ ಕೇಳಿದರೂ ಹೇಳಿಯಾಳು. ತನಗೇನು ಇಷ್ಟ ಎಂದು ಹುಡುಕಿದಳು. ಕಣ್ಣು ಮುಚ್ಚಿ, ಉಸಿರು ಹಿಡಿದು, ಒಳಗೆಲ್ಲ ಹುಡುಕಿದಳು.

"ಗೊತ್ತಿಲ್ಲ ಅತ್ತೆ."

ಅಜ್ಜಿ ಬೈಯಲು ಬಾಯಿ ತೆರೆದವಳು ತಡೆದುಕೊಂಡಳು. ಅವಳೂ ಹುಡುಕುತ್ತಿದ್ದಳು. ಒಂದೇ ಸೂರಿನಡಿ ಇಷ್ಟು ವರ್ಷ ಇದ್ದ ಹೆಂಗಸು ಯಾವುದನ್ನು ಆಸೆಪಟ್ಟು ತಿಂದಳು ಎಂದು ನೆನಪಿಗೆ ತಂದುಕೊಳ್ಳಲು ನೋಡಿದಳು. ಒಂದೂ ಸಿಗಲಿಲ್ಲ.

"ನನಗೂ ಗೊತ್ತಿಲ್ಲ ಕಣೇ" ಎಂದಳು. "ಆಯ್ತು, ಒಂದೊಂದೇ ಮಾಡ್ತಾ ಹೋಗ್ತೀನಿ. ನೀನು ತಿಂದು ಹೇಳು. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅನ್ನು, ನಾನೇನೂ ಬೇಜಾರ್ ಮಾಡ್ಕೊಳಲ್ಲ."

ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ಇಬ್ಬರಿಗೂ ಗೊತ್ತಿತ್ತು. ಪಿಲ್ನಾಮ್ ಆಗಲಿ ಎಂದು ತಲೆಯಾಡಿಸಿದಳು. ಮೇಜಿನ ಮೇಲೆ ಎಂಜಲು ಬಟ್ಟಲು ಹಾಗೇ ಇತ್ತು. ಅವಳು ಏಳಲಿಲ್ಲ.